ಎರಡು ಮುಲ್ಕಿನ ಸಂಘದ ಚಾಚಾ

ಡ್ರೈವರ್ ಚಾಚಾ ಅವರ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ಎಂಜಿನ್ನಿನ ಬೆಂಕಿ ಎಂದೋ ಸುಟ್ಟಿತ್ತು. ಹೀಗಾಗಿ ಅವರು ಸಿಟ್ಟಿಗೆದ್ದಾಗಲೂ ಏನೋ ಆಶ್ಚರ್ಯಪಟ್ಟವರಂತೆ ಕಾಣುತ್ತಿದ್ದರು. ಎದುರಿನವರಿಗೆ ನಗು ಬರುತ್ತಿತ್ತು.

ನಾನು ದಂಡೋತಿಯಿಂದ ಮದುವೆಯಾಗಿ ವಾಡಿಗೆ ಬಂದಾಗ ಅವರದು ಪಕ್ಕದ ಮನೆ. ವಾಡಿಯಲ್ಲಿ ಎರಡು ರೈಲುಗಳು ಕೂಡುತ್ತಿದ್ದವು: ಮುಂಬಯಿ ಕಡೆಯ ಇಂಗ್ರೇಜಿ ರೈಲು, ಹೈದರಾಬಾದಿನ ನಿಜಾಮರ ರೈಲು. ಚಾಚಾ ನಿಜಾಮರ ರೈಲಿನವರು. ಸಿಗ್ನಲ್ ನೋಡುತ್ತಿದ್ದ ನನ್ನ ಗಂಡ ಮುಂಬಯಿ ರೈಲಿನವರು. ಪಗಾರ ಬೇರೆ, ಕಾಯಿದೆ ಬೇರೆ. ಇಂಥ ಎರಡು ಕಡೆಯವರನ್ನು ಕೂಡಿಸಿ ಚಾಚಾ ಒಂದು ಸಂಘ ಕಟ್ಟಿದ್ದರು. ಮುಂಬಯಿ ಕಡೆಯ ಸೊಲ್ಲಾಪುರದವರಿದ್ದರು, ನಿಜಾಮರ ಕಡೆಯ ತಾಂಡೂರಿನವರಿದ್ದರು, ನಾವು ಹೆಂಗಸರೂ ಇದ್ದೆವು. ಯಾರ ಮನೆಯಲ್ಲಿ ಜಡ್ಡು ಬಂದರೂ ಎಲ್ಲರೂ ನೋಡಬೇಕು. ಸಭೆಯಲ್ಲಿ ಎಲ್ಲರೂ ಒಂದೇ ಕೊಡದ ನೀರು ಕುಡಿಯಬೇಕು. ಅಧ್ಯಕ್ಷರು ಎರಡು ವರ್ಷ ಈ ಕಡೆಯವರು, ಎರಡು ವರ್ಷ ಆ ಕಡೆಯವರು.

ಚಾಚಾ ಅವರ ಅಧ್ಯಕ್ಷಗಿರಿಯ ಪಾಳಿ ಮುಗಿದಾಗ ಮುಂಬಯಿ ಕಡೆಯಿಂದ ಆಯ್ಕೆಯಾದವಳು ಪ್ಲಾಟ್‌ಫಾರ್ಮ್ ಕಸ ಗುಡಿಸುವ ಹೆಂಗಸು. ಕೆಲವರ ಮುಖ ಸಣ್ಣದಾಯಿತು.

“ಚಾಚಾ, ನೀವೇ ಇರ್ರಿ. ಆಕಿ ಮುಂದ ನಾವು ಕೈ ಎತ್ತಿ ಮಾತಾಡಬೇಕೇನು?” ಎಂದು ಒಬ್ಬ ಕೇಳಿಯೇಬಿಟ್ಟ.

ಚಾಚಾ ಎದ್ದು ತಮ್ಮ ಕುರ್ಚಿಯನ್ನು ಅವಳ ಕಡೆ ಸರಿಸಿದರು. “ಬರ್ರಿ ಅಧ್ಯಕ್ಷರೇ, ಕುಂದ್ರಿ,” ಎಂದು ಹೇಳಿ ತಾವು ಚಾಪೆಯ ಮೇಲೆ ಕುಳಿತರು. ನಾಲ್ಕಾರು ಜನ ಎದ್ದು ಹೋದರು, ತಿಂಗಳೊಪ್ಪತ್ತಿನಲ್ಲಿ ತಾವಾಗಿಯೇ ತಿರುಗಿ ಬಂದರು.

ಎಂಜಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ ಚಾಚಾ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಒಮ್ಮೆ ಯಾರೋ ಮಾತಾಡುವಾಗ ನಡುವೆಯೇ ಗುಡುಗಿದರು.

“ತಡೀರಿ ಚಾಚಾ, ಆತನ ಮಾತು ಇನ್ನಾ ಮುಗದಿಲ್ಲ,” ಎಂದಳು ಅಧ್ಯಕ್ಷೆ.

ಚಾಚಾ ಕಿವಿ ಹಿಡಿದುಕೊಂಡು ಕುಳಿತರು. ಮನೆಯ ದಾರಿಯಲ್ಲಿ ನನಗೆ ಹೇಳಿದರು: “ಭಾಳ ಛಲೋ ಅಧ್ಯಕ್ಷಿ ಸಿಕ್ಕಾಳ ಬೇಟಿ. ನನಗೂ ಅಂಜಂಗಿಲ್ಲ.”

ಆಮೇಲೆ ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ವಾಡಿ ಇದ್ದ ನಿಜಾಮರ ಸೀಮೆ ಹೊರಗೇ ಉಳಿಯಿತು. ನಮ್ಮ ಸಂಘ ಇದ್ದಕ್ಕಿದ್ದಂತೆ ಎರಡು ಮುಲ್ಕಿನ, ಎಂದರೆ ಎರಡು ದೇಶಗಳ, ಸಂಘವಾಯಿತು. ಸೊಲ್ಲಾಪುರದಿಂದ ಬಂದವರನ್ನು ನಿಜಾಮರ ಪರದ ರಜಾಕಾರರು ಅಡ್ಡಗಟ್ಟಿ, ಯಾಕೆ ಬಂದಿರೆಂದು ಕೇಳತೊಡಗಿದರು. ಆಗ ಸಂಘ ಕಟ್ಟಿದ ಚಾಚಾ ಅವರೇ ಎದ್ದು ನಿಂತರು.

“ಸಂಘ ಮುಚ್ಚಿಬಿಡ್ರಿ. ನಾಳಿ ಯಾರಿಗರ ಏನರ ಆದ್ರ ಅವರ ಮನ್ಯಾಗ ನಾ ಹ್ಯಾಂಗ ಮಾರಿ ತೋರಿಸ್ಲಿ?”

ಅಧ್ಯಕ್ಷೆ ಎರಡೂ ಕಡೆಯವರಿಂದ ಕೈ ಎತ್ತಿಸಿದಳು. ಚಾಚಾ ಅವರ ಪರವಾಗಿ ಎದ್ದ ಕೈಗಳು ತೀರ ಕಡಿಮೆ. ನನ್ನ ಕೈಯೂ ಏಳಲಿಲ್ಲ.

ಅವರು ಮುನಿಸಿಕೊಂಡಾರೆಂದು ನಾನು ಹೆದರಿದ್ದೆ. ಆದರೆ ಅವರು ಮರುದಿನವೇ ತಾಂಡೂರಿಗೆ ಹೋಗಿ, ಸಭೆಗೆ ಬಾರದವರಿಗೆಲ್ಲ ಖುದ್ದಾಗಿ ಹೇಳಿಬಂದರು: “ನನ್ನ ಮಾತು ಬಿತ್ತು. ಸಂಘದ ಮಾತು ನಡೀಬೇಕು.” ಸಭೆ ಕೂಡಲು ಯಾರೂ ಜಾಗ ಕೊಡದಾದಾಗ ತಮ್ಮ ಪಡಸಾಲೆಯನ್ನೇ ಬಿಟ್ಟುಕೊಟ್ಟರು. ರಜಾಕಾರರು ಬಂದು ಗದರಿಸಿ ಹೋದರು. ಸಭೆ ನಿಲ್ಲಲಿಲ್ಲ.

ಮರುವರ್ಷ ಹಿಂದುಸ್ತಾನದ ಸೈನ್ಯ ಬಂತು. ರಜಾಕಾರರ ಮೇಲಿನ ಸಿಟ್ಟನ್ನು ಜನ ಕಂಡ ಕಂಡ ಮುಸಲ್ಮಾನರ ಮೇಲೆ ತೀರಿಸಿಕೊಳ್ಳಹತ್ತಿದರು. ಒಂದು ಮಧ್ಯಾಹ್ನ ಬಡಿಗೆ ಹಿಡಿದ ಗುಂಪೊಂದು ನಮ್ಮ ಓಣಿಗೂ ನುಗ್ಗಿತು. ಅಧ್ಯಕ್ಷೆ ಓಡಿಬಂದು ಚಾಚಾ ಅವರ ಹೊಸ್ತಿಲ ಮೇಲೆ ಕುಳಿತಳು. ಸೊಲ್ಲಾಪುರದವರು, ನನ್ನ ಗಂಡ, ನಾನು, ಹಿಂದೆ ಅವಳ ಮುಂದೆ ಕೂರಲೊಲ್ಲದೆ ಎದ್ದು ಹೋಗಿದ್ದವರೂ, ಅವಳ ಅಕ್ಕಪಕ್ಕ ಒತ್ತಾಗಿ ಕುಳಿತೆವು.

“ಇದು ಸಂಘದ ಮನಿ. ಒಳಗ ಹೋಗೂದಿದ್ರ ನಮ್ಮನ್ನ ತುಳಕೊಂಡು ಹೋಗ್ರಿ,” ಎಂದಳು ಅಧ್ಯಕ್ಷೆ.

ಗುಂಪು ಬೈಯುತ್ತ ಬಹಳ ಹೊತ್ತು ನಿಂತಿತು. ಕೊನೆಗೆ ಒಬ್ಬೊಬ್ಬರಾಗಿ ಕರಗಿದರು. ಚಾಚಾ ಹೊರಬಂದು ನನ್ನ ಪಕ್ಕ ಹೊಸ್ತಿಲ ಮೇಲೆ ಕುಳಿತರು.

“ಅವತ್ತ ನಾ ಸೋತಿದ್ದಕ್ಕ ಇವತ್ತ ಉಳದೀನಿ ಬೇಟಿ,” ಎಂದರು.

ಕೆಲವು ವರ್ಷಗಳ ಮೇಲೆ ಶಹಾಬಾದಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಮುಂದೆ ನಾನೂ ಹಲವು ಸಭೆಗಳನ್ನು ನಡೆಸಿದೆ, ಹಲವು ಸಲ ಸೋತೆ. ನನ್ನ ಮಾತಿಗೆ ಎದುರಾಗಿ ಕೈಗಳು ಎದ್ದಾಗ ಇಂದಿಗೂ ಸಂಕಟವಾಗುತ್ತದೆ. ಆದರೂ ಮರುದಿನ ಗೆದ್ದವರ ಕೆಲಸಕ್ಕೆ ಹೆಗಲು ಕೊಡಲು ಹೋಗುತ್ತೇನೆ. ಅಷ್ಟನ್ನು ಚಾಚಾ ಕಲಿಸಿ ಹೋಗಿದ್ದಾರೆ.