ಸುಳ್ಳುಗಾರ ಕಾಕಾನ ಒಳಕೋಣೆ

ಬೀದರಿಗೆ ಬಂದ ನಾಲ್ಕನೇ ದಿನ ನನಗೊಬ್ಬ ಚಿಕ್ಕಪ್ಪ ಹುಟ್ಟಿಕೊಂಡ. ಅದೇ ದಿನ ನಾನು ಮೀನು ತಿನ್ನುವುದನ್ನೂ ಬಿಟ್ಟಿದ್ದೆನಂತೆ. ಎರಡೂ ನನಗೆ ಗೊತ್ತಾದದ್ದು ತಿಂಗಳ ಮೇಲೆ.

ನಾನು ಕರಾವಳಿಯ ಕ್ರೈಸ್ತಳು, ನರ್ಸ್. ನಾಲ್ಕು ವರ್ಷದ ಮಗಳೊಂದಿಗೆ ಇಲ್ಲಿಗೆ ಕೆಲಸಕ್ಕೆ ಬಂದೆ. "ಮಾಂಸ ತಿಂತೀರೇನ್ರಿ?" ಎಂದು ಕೇಳಿ ಆರು ಮನೆಯವರು ಬಾಗಿಲು ಹಾಕಿದರು. ಭಾನುವಾರ ಚರ್ಚಿನಲ್ಲಿ ಹೇಳಿಕೊಂಡೆ. ನಮ್ಮೂರಲ್ಲಿ ಬೆಂಚು, ಇಲ್ಲಿ ಚಪ್ಪಲಿ ಹೊರಗೆ ಬಿಟ್ಟು ಜಮಖಾನೆಯ ಮೇಲೆ ಕೂರುತ್ತಾರೆ. ಕೂತಿದ್ದ ಸಜ್ಜನರೆಲ್ಲ "ಪ್ರಾರ್ಥನಾ ಮಾಡ್ತೇವ್ರಿ" ಎಂದರು. ಎದ್ದು ಬಂದವನು ಗಂಟೆ ಹೊಡೆಯುವ ಸುಂದರಪ್ಪ ಒಬ್ಬನೇ. ಔರಾದ ಕಡೆಯವನು, ಬಾಯಲ್ಲಿ ಸದಾ ಗುಟ್ಕಾ, ಮಾತಿನಲ್ಲಿ ಅರ್ಧ ಬುರುಡೆ. ಮರುದಿನವೇ ಮನೆ ಕೊಡಿಸಿದ.

ಮೀನು ಹುಡುಕುವಷ್ಟು ಪುರುಸೊತ್ತಿಲ್ಲದೆ ತಿಂಗಳಿಡೀ ಬೇಳೆಯಲ್ಲೇ ಕಳೆದೆ. ಒಂದು ದಿನ ಮನೆಯೊಡತಿ ಹೋಳಿಗೆ ತಂದುಕೊಟ್ಟು, "ನಿಮ್ಮ ಕಾಕಾ ಹೇಳ್ಯಾರ್ರಿ, ಅಣ್ಣನ ಮಗಳು, ತತ್ತಿ ಸುದ್ದಾ ಮುಟ್ಟಂಗಿಲ್ಲಂತ" ಎಂದರು. ನನಗೆ ಮೈಯೆಲ್ಲ ಉರಿಯಿತು. ಕಾಕಾ ಅಂದರೆ ಚಿಕ್ಕಪ್ಪ. ಮೀನಿಲ್ಲದೆ ಬೆಳೆದವಳಲ್ಲ ನಾನು, ಆತ ನನ್ನ ಕಾಕಾನೂ ಅಲ್ಲ ಎಂದು ಅಲ್ಲೇ ಹೇಳಿಬಿಟ್ಟೆ. ಆಕೆಯ ಮುಖ ಬಾಡಿತು. "ರವಿವಾರ ಸಂಜೀಕ ಖಾಲಿ ಮಾಡ್ರಿ" ಎಂದರು.

ಈ ಚರ್ಚಿನಲ್ಲೊಂದು ಪದ್ಧತಿ. ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ಕರ್ತನ ಭೋಜನದ ರೊಟ್ಟಿ ಹಂಚುವ ಮೊದಲು, ಯಾರ ಮೇಲೆ ಮುನಿಸಿದ್ದರೂ ಎದ್ದು ಹೇಳಬೇಕು. ತಪ್ಪು ಮಾಡಿದವರು ಅಂದು ರೊಟ್ಟಿಯಿಲ್ಲದೆ ಹಿಂದೆ ಕೂರಬೇಕು. ಆ ಭಾನುವಾರ ನಾನು ಎದ್ದೆ. ಈತ ಸುಳ್ಳುಗಾರ, ನನ್ನ ಮಗಳು ಇವತ್ತು ಬೀದಿಗೆ ಬಿದ್ದಳು ಎಂದೆ.

"ಹೌದ್ರಿ, ಸುಳ್ಳ ಹೇಳೀನ್ರಿ. ಖರೇ ಹೇಳಿದ್ರ ಮನಿ ಯಾರ ಕೊಡ್ತಿದ್ರು?" ಎಂದ ಸುಂದರಪ್ಪ, ಹೋಗಿ ಬಾಗಿಲ ಬಳಿ ಕೂತ. ನಾನು ರೊಟ್ಟಿ ತಿಂದೆ. ಸಜ್ಜನರೂ ತಿಂದರು. ಮತ್ತೆ ಪ್ರಾರ್ಥನೆ ಮಾಡುವುದಾಗಿ ಹೇಳಿ ಮನೆಗೆ ಹೋದರು.

ಸಂಜೆ ಟಂಟಂ ಗಾಡಿ ತಂದು ಸಾಮಾನು ಹೇರಿದವನು ಅವನೇ. "ಎಲ್ಲಿಗೆ?" ಎಂದು ಗದರಿದೆ. "ನಮ್ಮ ಮನಿಗ್ರಿ. ನಿಮ್ಮ ಸಿಟ್ಟು ಇರ್ಲಿ, ಕೂಸಿಗಿ ಹಾಸಿಗಿ ಬೇಕಲ್ರಿ?" ಗಂಡ ಹೆಂಡತಿ ಒಳಕೋಣೆಯನ್ನು ನಮಗೆ ಬಿಟ್ಟು ಪಡಸಾಲೆಗೆ ಬಂದರು. ಭಾಲ್ಕಿಯಿಂದ ಕೆರೆ ಮೀನು ತರಿಸಿದ್ದ. ತೆಂಗಿನಕಾಯಿ ಇಲ್ಲ, ಹುಣಸೆ ಇಲ್ಲ, ಶೇಂಗಾ ಪುಡಿ ಹಾಕಿದ ಸಾರು! ಅದಕ್ಕೂ ಸಿಟ್ಟು ಬಂತು, ಆದರೂ ಎರಡು ಸಲ ಹಾಕಿಸಿಕೊಂಡೆ.

ದೇವರ ಮೇಲಂತೂ ನನ್ನ ಸಿಟ್ಟು ಇನ್ನೂ ಆರಿಲ್ಲ. ಅಷ್ಟು ಜನ ಸತ್ಯವಂತರಿದ್ದಾಗ ನಿನ್ನ ಕೃಪೆ ಈ ಗುಟ್ಕಾ ಬಾಯಿಯವನ ಕೈಯಲ್ಲೇ ಬರಬೇಕಿತ್ತೇ? ಅವನನ್ನು ಹಿಂದೆ ಕೂರಿಸಿದ ನನಗೇ ಬರಬೇಕಿತ್ತೇ?

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ನಮ್ಮ ಚರ್ಚಿನ ಅಂಗಳದಲ್ಲಿ ಅತ್ತೆ, ನನ್ನ ಅಪ್ಪನ ಅಕ್ಕ, ಕೇಳಿದರು, "ಅಷ್ಟು ದೂರದಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಯಾರು ಮಾರಾಯ್ತಿ?"

"ನಮ್ಮ ಕಾಕಾ ಇದ್ದಾರೆ. ಅಪ್ಪನ ತಮ್ಮ."

"ನನಗೆ ಗೊತ್ತಿಲ್ಲದ ತಮ್ಮನಾ?" ಎಂದು ಅತ್ತೆ ಬಾಯಿ ಬಿಟ್ಟರು. ತಿದ್ದಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಒಳಗೆ ನಮ್ಮ ಕುಟುಂಬದ ಬೆಂಚು ಖಾಲಿಯಿತ್ತು. ನಾನು ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಬಳಿ ನೆಲದ ಮೇಲೆ ಕೂತೆ. ರೊಟ್ಟಿಯ ತಟ್ಟೆ ಬಂದಾಗ ಬೇಡವೆಂದು ತಲೆಯಾಡಿಸಿದೆ.