ಅಣ್ಣನ ಕುರಿಗಳಿಗೊಂದು ದುರ್ಬೀನು

ದುರ್ಬೀನಿನ ಮೇಲೆ ಬರೆದ ಅಂಕಿ ದೊಡ್ಡದಾದಷ್ಟೂ ದೂರದ್ದು ಚೆನ್ನಾಗಿ ಕಾಣುತ್ತದೆ ಅಂತ ನಂಬಿದವರಿಗೆ ಬುದ್ಧಿ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ. ಅಂಥವರಲ್ಲಿ ಮೊದಲನೆಯವನು ನನ್ನ ಒಡಹುಟ್ಟಿದ ಅಣ್ಣ. ಜಹೀರಾಬಾದ್ ಬಸ್‌ಸ್ಟ್ಯಾಂಡಿನ ಹೊರಗೆ ಚಾದರ ಹಾಸಿ ಮಾರುವವನ ಹತ್ತಿರ, ಐವತ್ತು ಪಟ್ಟು ಅಂತ ಬರೆದಿದ್ದ, ಗಾಜು ಕೆಂಪಗೆ ಹೊಳೆಯುವ ಒಂದು ದುರ್ಬೀನು ಕೊಂಡ. ಅಲ್ಲಿಂದ ನೆಟ್ಟಗೆ ನನ್ನ ಮನೆಗೆ ಬಂದು, ಇದರಲ್ಲಿ ಏನೂ ಕಾಣುವುದಿಲ್ಲ ಅಂತ ಕೂತ. ಕಾಣುವುದಾದರೂ ಹೇಗೆ? ಅಷ್ಟು ದೊಡ್ಡದು ಮಾಡಿ ತೋರಿಸುವ ಸಾಮಾನು ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಅವನು ತಂದಿದ್ದಂತೂ ಜಾತ್ರೆಯ ಆಟಿಕೆ.

ನಾನು ಜಹೀರಾಬಾದಿನಲ್ಲಿ ಶಾಲೆ ಮಾಸ್ತರಿಣಿ. ರಜೆಯ ದಿನ ಕೆರೆ ಏರಿಯ ಮೇಲೆ ಕೂತು ಹಕ್ಕಿ ನೋಡುವ ಹುಚ್ಚು ನನಗಿದೆ. ಹಾಗಾಗಿ ನಮ್ಮ ಬಳಗದಲ್ಲಿ ಗಾಜಿನ ಸಾಮಾನು ಏನೇ ಕೆಟ್ಟರೂ ನನ್ನ ಮುಂದೆ ತಂದಿಡುತ್ತಾರೆ. ಅಣ್ಣನ ಊರು ನಾರಾಯಣಖೇಡದಿಂದ ಆಚೆ. ಅರವತ್ತರ ಹತ್ತಿರದ ವಯಸ್ಸು, ಹೆಚ್ಚುಕಡಿಮೆ ಅಷ್ಟೇ ಕುರಿ. ನಡೆಯಲು ಬಂದಾಗಿನಿಂದ ಕುರಿಗಳ ಹಿಂದೆಯೇ ಇದ್ದವನು. ಆ ವರ್ಷ ಗುಡ್ಡದ ಕಡೆಯಿಂದ ತೋಳ ಬಂದು ಎರಡು ಮರಿ ಎತ್ತಿಕೊಂಡು ಹೋಗಿತ್ತು. ಅವನ ಇಬ್ಬರು ಮಕ್ಕಳಿಗೂ ಜಹೀರಾಬಾದಿನ ಕಾರ್ಖಾನೆಯಲ್ಲಿ ಕೆಲಸ. ಅಪ್ಪನಿಗೆ ಇನ್ನು ಹಿಂಡು ಕಾಯುವುದು ಆಗದು, ಇನ್ನೊಂದು ಮರಿ ಹೋದರೆ ಎಲ್ಲಾ ಮಾರಿಬಿಡುವುದೇ ಅಂತ ಅವರು ಪಟ್ಟು ಹಿಡಿದಿದ್ದರು. ಕುರಿ ಉಳಿಸಿಕೊಳ್ಳಲು ಅಣ್ಣನಿಗೆ ಕಂಡ ದಾರಿ ದುರ್ಬೀನು.

ಸರಿ, ನಾನೇ ಆರಿಸಿದೆ. ಎಂಟು ಪಟ್ಟು ತೋರಿಸುವ, ಮುಂದಿನ ಗಾಜು ನಲವತ್ತೆರಡು ಮಿಲಿಮೀಟರ್ ಅಗಲದ್ದು. ಎಂಟು ಪಟ್ಟಾದರೆ ಕೈ ನಡುಗಿದರೂ ಚಿತ್ರ ನಿಲ್ಲುತ್ತದೆ, ಗಾಜು ಅಗಲವಿದ್ದರೆ ಹೊತ್ತು ಮುಳುಗುವ ಬೆಳಕಿನಲ್ಲೂ ಕಾಣುತ್ತದೆ. ತೋಳ ಬರುವುದೂ ಅದೇ ಹೊತ್ತಿಗೆ. ಕೈಯಿಂದ ಜಾರಿದರೆ ಇರಲಿ ಅಂತ ರಬ್ಬರ್ ಹೊದಿಕೆ ಇದ್ದದ್ದನ್ನೇ ತರಿಸಿ, ಊರಿಗೆ ಒಯ್ದು, ಅಂಗಳದಲ್ಲಿ ಕೂರಿಸಿಕೊಂಡು ಪಾಠ ಮಾಡಿದೆ. ನಡುವಿನ ಚಕ್ರ ಎರಡೂ ಕಣ್ಣಿಗೆ. ಬಲಗಣ್ಣಿನ ಕೊಳವೆಯ ಬಳೆ ಮಾತ್ರ ಬಲಗಣ್ಣಿಗೆ. ಎರಡು ಕಣ್ಣೂ ಒಂದೇ ಸಮ ಇರುವುದಿಲ್ಲವಲ್ಲ, ಅದಕ್ಕೆ. ಆ ಬಳೆಯನ್ನು ಒಮ್ಮೆ ಕೂಡಿಸಿದರೆ ಮತ್ತೆ ಮುಟ್ಟಬಾರದು. ನಾನು ಬಳೆ ತಿರುಗಿಸುತ್ತಿದ್ದಂತೆ ಅಣ್ಣ "ಆತು, ಆತು, ಕಾಣ್ಲತ್ತದ" ಅಂದ. ಇಷ್ಟು ಬೇಗ ಯಾರಿಗೂ ಕೂಡುವುದಿಲ್ಲ. ಆದರೆ ಹೊಟ್ಟೆ ಹಸಿದಿತ್ತು, ಬಿಟ್ಟೆ.

ಮುಂದಿನ ಭಾನುವಾರ ಹೋದರೆ ದೇವರೇ ಗತಿ! ಎರಡೂ ಗಾಜಿಗೆ ದಪ್ಪಗೆ ಭಂಡಾರ. ಹೊಸ ಸಾಮಾನನ್ನು ಮನೆದೇವರು ಮಲ್ಲಣ್ಣನ ಮುಂದಿಟ್ಟು ಅರಿಷಿಣದ ಪುಡಿ ಹಚ್ಚದೆ ಕುರಿಗಳ ಕಡೆ ಒಯ್ಯುವ ಪದ್ಧತಿ ಅವರ ಮನೆಯಲ್ಲಿ ಇಲ್ಲವಂತೆ. ಅತ್ತಿಗೆಯೇ ಹಚ್ಚಿದ್ದು. ಹಚ್ಚಲಿ, ಹೊದಿಕೆಗೆ ಹಚ್ಚಲಿ, ಪಟ್ಟಿಗೆ ಹಚ್ಚಲಿ. ಗಾಜೇ ಬೇಕಿತ್ತೆ? ಗಾಜೇ ಅದರ ಕಣ್ಣಲ್ಲವೇ, ದೇವರ ಭಂಡಾರ ಮತ್ತೆಲ್ಲಿಗೆ ಹಚ್ಚಬೇಕು ಅಂತ ಅವರು ನನ್ನನ್ನೇ ಕೇಳಿದರು. ಅದು ಸಾಲದೆಂಬಂತೆ ಅಣ್ಣ ಅದನ್ನು ಹೆಗಲ ಮೇಲಿನ ಕಂಬಳಿಯಿಂದಲೇ ಗಸಗಸ ಒರೆಸಿದ್ದ. ಧೂಳು, ಕುರಿಯುಣ್ಣೆ, ಅರಿಷಿಣದ ಹರಳು, ಎಲ್ಲ ಸೇರಿ ಗಾಜಿನ ಮೇಲೆ ಗೀರುಗಳಾಗಿದ್ದವು. ನಾನು ತಲೆ ಚಚ್ಚಿಕೊಂಡೆ. ಮೊದಲು ಊದು, ಆಮೇಲೆ ಮೆತ್ತನೆ ಕುಂಚದಿಂದ ಧೂಳು ಕೊಡವು, ಕೊನೆಗೆ ಒಗೆದ ಹತ್ತಿಬಟ್ಟೆಯಿಂದ ಒರೆಸು ಅಂತ ಅಂಗಳದಲ್ಲಿ ನಿಂತು ಕೂಗಿದೆ.

ಅಣ್ಣ ಎಲ್ಲಾ ಕೇಳಿ, ಮಂಜು ಮಂಜಾಗಿ ಕಾಣುತ್ತದೆ ಅಂದ. ಕಾಣದೇ ಏನಾಗುತ್ತದೆ, ನಿನ್ನ ಕಂಬಳಿಯ ಪುಣ್ಯ ಅಂದೆ. ಆದರೂ ಮನಸ್ಸು ತಡೆಯದೆ ನನ್ನ ಸ್ವಂತ ದುರ್ಬೀನು ಅವನಿಗೆ ಕೊಟ್ಟು, ಗೀರು ಬಿದ್ದದ್ದನ್ನು ನಾನು ತಂದುಕೊಂಡೆ. ಹತ್ತು ವರ್ಷ ಮಗುವಿನ ಹಾಗೆ ಜೋಪಾನ ಮಾಡಿದ್ದ ಸಾಮಾನು ಅದು.

ಅದರಲ್ಲೂ ಮಂಜು! ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುವುದು, ನೋಡಿದರೆ ಬಲಗಡೆಯ ಬಳೆ ಕೊನೆಯ ತನಕ ತಿರುಗಿ ಕೂತಿರುವುದು. ಬಳೆ ನಿಲ್ಲಬೇಕಾದ ಜಾಗಕ್ಕೆ ನನ್ನ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟು ಬಂದೆ. ಮುಂದಿನ ವಾರ ಚುಕ್ಕೆ ಒಂದು ಕಡೆ, ಬಳೆ ಇನ್ನೊಂದು ಕಡೆ. ಐದನೇ ಕ್ಲಾಸಿನ ಮಕ್ಕಳಿಗೆ ಹೇಳಿದ್ದರೆ ಅವರು ಕಲಿತು ಇನ್ನೊಬ್ಬರಿಗೆ ಕಲಿಸುತ್ತಿದ್ದರು ಅಂತ ಅತ್ತಿಗೆಯ ಮುಂದೆಯೇ ಬೈದೆ. ಅಣ್ಣ ನಕ್ಕ. ಬೈಯುವಾಗ ಎದುರಿಗಿದ್ದವರು ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ಭಾನುವಾರ ಇವತ್ತು ಇತ್ಯರ್ಥ ಆಗಲೇಬೇಕು ಅಂತ ಅವನ ಜೊತೆ ಕುರಿಗಳ ಕಡೆಗೇ ಹೋದೆ. ಹಿಂಡು ಎದುರಿನ ಗುಡ್ಡದ ಇಳಿಜಾರಿನಲ್ಲಿ ಮೇಯುತ್ತಿತ್ತು. ಅವನು ನೆಲಕ್ಕೆ ಕೂತ. ನಾನು ದುರ್ಬೀನಿನ ಮುಂದಿನ ಮುಚ್ಚಳ ಕಿತ್ತು ಅವನ ಕೈಗೆ ತುರುಕಿ, ಎಡಗಣ್ಣು ಮುಚ್ಚು, ಬಲಗಣ್ಣಿನಿಂದಷ್ಟೇ ನೋಡು, ಏನು ಕಾಣುತ್ತದೆ ಹೇಳು ಅಂದೆ.

"ಕಾಣ್ಲತ್ತದ," ಅಂದ ಅಣ್ಣ. "ಕರಿ ಟಗರು ಮುಂದ ಅದ. ಮರಿಗೋಳು ಅದರ ಹಿಂದ ಅವ."

ಟಗರು ನಿಜಕ್ಕೂ ಮುಂದೆಯೇ ಇತ್ತು. ಈಗಲಾದರೂ ತಲೆಗೆ ಹೋಯಿತಲ್ಲ ಅಂತ ಗೆದ್ದ ಖುಷಿಯಲ್ಲಿ ಬಗ್ಗಿ ನೋಡಿದರೆ, ಬಲಗಡೆಯ ಕೊಳವೆಯ ಮುಚ್ಚಳ ಹಾಗೇ ಇತ್ತು. ಸಿಟ್ಟಿನ ಭರದಲ್ಲಿ ನಾನು ಎಡಗಡೆಯದನ್ನು ಮಾತ್ರ ತೆಗೆದಿದ್ದೆ. ಟಗರಿನ ಕೊರಳ ಗಂಟೆ ಕೇಳಿ ಅವನು ಹೇಳಿದ್ದ.

ಮುಚ್ಚಳ ತೆಗೆದು ಮತ್ತೆ ನೋಡು ಅಂದೆ. ಅವನು ನೋಡಲಿಲ್ಲ. ದುರ್ಬೀನನ್ನು ತೊಡೆಯ ಮೇಲಿಟ್ಟುಕೊಂಡ. ಬಲಗಣ್ಣು ಹೋಗಿ ವರ್ಷವಾಯಿತು, ಎಡಗಣ್ಣೂ ಈಗ ಹೊಗೆ ತುಂಬಿದ ಹಾಗಿದೆ ಅಂತ ಆಗ ಹೇಳಿದ. ದುರ್ಬೀನು ದೂರದ್ದನ್ನು ಹತ್ತಿರ ತರುವುದಾದರೆ, ಕಣ್ಣಿಗೆ ಕಾಣದ್ದನ್ನೂ ತಂದೀತು ಅಂತ ಅವನು ನಂಬಿದ್ದ.

"ಹುಡುಗರಿಗಿ ಹೇಳಬ್ಯಾಡ ತಂಗಿ," ಅಂದ. "ಗೊತ್ತಾದ್ರ ಕುರಿ ಮಾರಿಬಿಡ್ತಾರ."

"ನಿನಗ ಹುಚ್ಚು ಹಿಡದದೇನು? ಇದೇನು ಮುಚ್ಚಿಡೋ ಮಾತ?" ಅಂತ ಅದಕ್ಕೂ ಬೈದೆ. ಬೈಯುತ್ತಾ ಅಳು ಬಂತು. ಇಷ್ಟು ತಿಂಗಳು ಗಾಜು ಒರೆಸಿದೆ, ಬಳೆ ನೋಡಿದೆ, ಚುಕ್ಕೆ ಇಟ್ಟೆ. ಅವನ ಮುಖ ಎತ್ತಿ ಕಣ್ಣು ನೋಡಿರಲಿಲ್ಲ. ಆಗ ನೋಡಿದರೆ ಬಲಗಣ್ಣಿನ ಪಾಪೆ ಬೆಳ್ಳಗಿತ್ತು.

ಅದು ಪೊರೆ. ಆಪರೇಷನ್ ಮಾಡಿದರೆ ಎರಡೂ ಕಣ್ಣು ಬರುತ್ತವೆ, ಒಂದಾದ ಮೇಲೆ ಒಂದು ಮಾಡಬೇಕು ಅಂದರು ತಾಂಡೂರಿನ ಡಾಕ್ಟರು. ತಾಂಡೂರಿನಲ್ಲಿ ನನ್ನ ಅತ್ತೆ-ಮಾವನ ಮನೆಯಿದೆ. ಅಲ್ಲೇ ಇಟ್ಟುಕೊಂಡರೆ ಧೂಳಿನಿಂದ ದೂರ ಇರುತ್ತಾನೆ ಅಂತ ನಾನೇ ತೀರ್ಮಾನಿಸಿದೆ. ಆದರೆ ಅಷ್ಟು ದಿನ ಕುರಿ ಕಾಯುವವರು ಯಾರು? ಹುಡುಗರಿಗೆ ಹೇಳದೆ ಗತಿಯಿರಲಿಲ್ಲ. ಹೇಳಿದೆ. ಅವನು ಬರುವ ತನಕ ಒಂದು ಕುರಿಯನ್ನೂ ಮಾರಬಾರದು ಅಂತ ಮಾತು ತೆಗೆದುಕೊಂಡೆ. ಇಬ್ಬರೂ "ಹೂಂ ಅತ್ತಿ" ಅಂದರು.

ಹೂಂ ಅಂದವರು ಮೂರನೇ ವಾರಕ್ಕೇ ಹಿಂಡು ಮಾರಿದರು. ಶಿಫ್ಟಿನ ಕೆಲಸ, ಕಾಯಲು ಆಗಲಿಲ್ಲ, ಅವ್ವ ಒಬ್ಬಳಿಂದ ನೀಗಲಿಲ್ಲ ಅಂತ ಫೋನಿನಲ್ಲಿ ಹೇಳಿದರು. ಅವರಿಗೆ ಏನೇನು ಅಂದೆನೋ ಈಗ ಬರೆಯಲು ನಾಚಿಕೆ. ಆದರೆ ನನಗೆ ನನ್ನ ಮೇಲೇ ಹೆಚ್ಚು ಸಿಟ್ಟು. ಬೇಡ ಅಂತ ಅವನು ಕೇಳಿಕೊಂಡಿದ್ದ, ಹೇಳಿದವಳು ನಾನು. ಎರಡನೇ ಕಣ್ಣಿನ ಆಪರೇಷನ್ ಆಗಿ ಗಾಯ ಮಾಯುವ ತನಕ ಅವನಿಗೆ ಸುದ್ದಿ ತಿಳಿಸಲಿಲ್ಲ. ಊರಿಗೆ ಹೊರಡುವ ಹಿಂದಿನ ದಿನ ತಿಳಿಸಿದೆ.

ಊರಿಗೆ ಮುಟ್ಟಿದೆವು. ಅತ್ತಿಗೆ ನೀರು ಕೊಟ್ಟು ಮುಖ ತಗ್ಗಿಸಿಕೊಂಡು ಒಳಗೆ ಹೋದರು. ಕುರಿಹಟ್ಟಿ ಖಾಲಿಯಾಗಿ, ಗುಡಿಸಿಟ್ಟಿತ್ತು. ಅಣ್ಣ ಗೂಟಕ್ಕೆ ನೇತು ಹಾಕಿದ್ದ ದುರ್ಬೀನು ತೆಗೆದುಕೊಂಡು ಊರ ಹೊರಗೆ ನಡೆದ. ನಾನು ಹಿಂದೆ ಹೋದೆ. ಗುಡ್ಡದ ಎದುರಿಗೆ ಕೂತು, ಎರಡೂ ಮುಚ್ಚಳ ತೆಗೆದು, ನಡುವಿನ ಚಕ್ರ ನಿಧಾನ ತಿರುಗಿಸಿ ಬಹಳ ಹೊತ್ತು ನೋಡಿದ. ಬೈದರೆ ಬೈಯಲಿ ಅಂತ ಪಕ್ಕದಲ್ಲಿ ಕೂತೆ.

"ಭಾಳ ಛಲೋ ಸಾಮಾನ ಅದ ತಂಗಿ," ಅಂದ. "ಗುಡ್ಡದ ಮ್ಯಾಲಿನ ಕಲ್ಲು ಒಂದೊಂದೂ ಬ್ಯಾರೆ ಬ್ಯಾರೆ ಕಾಣ್ಲತ್ತಾವ."

ಪಟ್ಟಿಯನ್ನು ಕೊರಳಿನಿಂದ ತೆಗೆದು ದುರ್ಬೀನನ್ನು ನನ್ನ ಮಡಿಲಲ್ಲಿಟ್ಟ.

"ನೀನೇ ಒಯ್ಯಿ. ಹಕ್ಕಿ ನೋಡಾಕ ಬೇಕಾಗ್ತದ ನಿನಗ."