ಎರಡನೆಯ ಏಟು

ಕಾಸರಕೋಡಿನ ಕಮಲಿ ಒಣಮೀನು ಮಾರುವವಳು. ಗಂಡ ಶಿವನಿಗೆ ಒಂದು ಸಣ್ಣ ದೋಣಿ. ಅದರ ಎಂಜಿನ್ನಿಗಾಗಿ ಹೊನ್ನಾವರದ ಶಾಂತಾರಾಮನಿಂದ ತಂದ ಒಂದೂವರೆ ಲಕ್ಷದ ಸಾಲವನ್ನು ಇಬ್ಬರೂ ನಾಲ್ಕು ವರ್ಷದಿಂದ ತೀರಿಸುತ್ತ ಬಂದಿದ್ದರು. ಆ ನಾಲ್ಕು ವರ್ಷ ಮನೆಗೆ ಹೊಸ ಬಟ್ಟೆ ಬರಲಿಲ್ಲ. ಇನ್ನು ಮೂರೇ ಕಂತು ಎನ್ನುವಾಗ ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮರಳ ದಿಬ್ಬಕ್ಕೆ ಬಡಿದು ಎಂಜಿನ್ನಿನ ನೀರಿನಡಿಯ ಫ್ಯಾನು, ಗೇರು ಎರಡೂ ಹೋದವು. ರಿಪೇರಿಗೆ ಹದಿನೆಂಟು ಸಾವಿರ. ದೋಣಿ ನಿಂತರೆ ಕಂತು ಹುಟ್ಟುವುದೆಲ್ಲಿಂದ? ಕಮಲಿ ಕೂಡಿಟ್ಟ ಕಂತಿನ ದುಡ್ಡನ್ನೇ ಮೆಕ್ಯಾನಿಕನಿಗೆ ಕೊಟ್ಟಳು. ಶಾಂತಾರಾಮನಿಗೆ ಫೋನು ಮಾಡಿ ಎರಡು ತಿಂಗಳ ಗಡುವು ಕೇಳಿದಳು. ಅವನು ಫೋನಿಟ್ಟುಬಿಟ್ಟ.

ಮೂರನೆಯ ದಿನ ಬೆಳಿಗ್ಗೆ ಶಾಂತಾರಾಮನ ವಸೂಲಿಯ ಆಳು ಲೋಕೇಶ ಟೆಂಪೊ ತಂದು ದಡದಲ್ಲಿ ನಿಲ್ಲಿಸಿದ. ಹಿಂದೆ ಶಿವನ ಜೊತೆ ಒಂದೇ ಬೋಟಿನಲ್ಲಿ ದುಡಿದವನು ಅವನು.

"ಎಂಜಿನ್ ತಕಂಡು ಬಾ ಅಂದಿದ್ರು. ನಂಗೆಂತ ಮಾಡುಕಾತದೆ?"

"ಎರಡು ತಿಂಗ್ಳು ಕೇಳಿದ್ನಲಾ ನಾನು," ಎಂದಳು ಕಮಲಿ.

ಶಿವ ಎಂಜಿನ್ನಿಗೆ ಅಡ್ಡ ನಿಂತ. ಕೈ ಎತ್ತಲಿಲ್ಲ, ಸರಿಯಲೂ ಇಲ್ಲ. ಲೋಕೇಶ ಅವನ ಬಾಯಿಗೆ ಗುದ್ದಿದ. ಹಲ್ಲೊಂದು ಮುರಿದು ರಕ್ತ ಗದ್ದಕ್ಕಿಳಿಯಿತು. ಕೆಳಗೆ ಬಿದ್ದವನ ಹೊಟ್ಟೆಗೆ ಒದ್ದ, ಮತ್ತೆ ಒದ್ದ. ಬಿಡಿಸಲು ಬಂದ ಕಮಲಿಯ ಜುಟ್ಟು ಹಿಡಿದು, ಒಣಗಲು ಹರವಿದ್ದ ಮೀನಿನ ಮೇಲೆ ಅವಳ ಮುಖ ಒತ್ತಿದ. ಉಪ್ಪು ಕಣ್ಣಿಗೆ ಹೊಕ್ಕಿತು. ತಡಕಾಡಿದ ಕೈಗೆ ದೋಣಿಯ ಹುಟ್ಟು ಸಿಕ್ಕಿತು. ಬೀಸಿದಳು. ಹೆಗಲಿಗೆ ಬಿದ್ದ ಏಟಿಗೆ ಲೋಕೇಶ ಮಂಡಿಯೂರಿ, ಬಲಗೈ ಅಡ್ಡ ಹಿಡಿದ.

"ಸಾಕು, ಕಮಲಕ್ಕ."

ಅವಳು ಎರಡೂ ಕೈಯಲ್ಲಿ ಹುಟ್ಟನ್ನು ಎತ್ತಿ ಆ ತೋಳಿಗೇ ಹೊಡೆದಳು. ಮೂಳೆ ಮುರಿದ ಸದ್ದು ಆಚೆ ಬಲೆ ಬಿಡಿಸುತ್ತಿದ್ದವರಿಗೂ ಕೇಳಿತು. ಅವರು ಓಡಿ ಬಂದು ಹುಟ್ಟನ್ನು ಕಸಿದುಕೊಳ್ಳಬೇಕಾಯಿತು.

ವಿಷಯ ಪೊಲೀಸ್ ಠಾಣೆಗೆ ಹೋಯಿತು. ಅಲ್ಲಿ ದಡದವರೆಲ್ಲರೂ ಕಮಲಿಯ ಪರವಾಗಿಯೇ ಹೇಳಿದರು. ಸಾಹೇಬರು ಕೇಳಿದರು, "ತಪ್ಪಿಸಿಕೊಳ್ಳೋಕೆ ಬೀಸಿದ್ದು ಅಂತ ಬರೀಲಾ?"

"ಮೊದಲ್ನೇದು ಹಂಗೇ ಸಾಹೇಬ್ರೆ. ಎರಡ್ನೇದು ಅಂವ ಸಾಕು ಅಂದ್ಮೇಲೆ ಹೊಡ್ದದ್ದು."

ಸಾಹೇಬರು ಪೆನ್ನು ಕೆಳಗಿಟ್ಟರು. ಕೊನೆಗೆ ಹಿರಿಯರು ಕೂತು ರಾಜಿ ಮಾಡಿಸಿದರು. ಲೋಕೇಶನ ತೋಳಿಗೆ ಪ್ಲೇಟು ಹಾಕಿಸಿದ ಆಸ್ಪತ್ರೆ ಖರ್ಚು, ಎಂಬತ್ತೈದು ಸಾವಿರ, ಎರಡನೆಯ ಏಟನ್ನು ತಾನೇ ಒಪ್ಪಿಕೊಂಡ ಕಮಲಿಯ ಮೇಲೆ ಬಂತು. ಶಾಂತಾರಾಮ ಒಂದು ಪೈಸೆ ಕೊಡಲಿಲ್ಲ. "ನಾ ಎಂಜಿನ್ ತರುಕೆ ಹೇಳದ್ದು, ಹೊಡೆದಾಡುಕಲ್ಲ," ಎಂದುಬಿಟ್ಟ.

ರಾಜಿಯಾದ ಮೂರನೆಯ ದಿನ ಶಿವ ಒಡೆದ ಬಾಯಲ್ಲಿ ಗಂಜಿ ಕುಡಿಯಲಾರದೆ ಬಟ್ಟಲು ದೂಡಿ, "ಅಷ್ಟು ಖರೆ ಹೇಳುಕೆ ಎಂತಕ್ಕೆ ಹೋದೆ? ನಾಕು ವರ್ಷದ ಕಷ್ಟ ನೀರಿಗೆ ಬಿತ್ತು," ಎಂದ.

"ಲೋಕೇಶ ಬಿದ್ದಾಗ ನಂಗೆ ಖುಷಿ ಆಗಿತ್ತು," ಎಂದಳು ಕಮಲಿ. "ಶಾಂತಾರಾಮಂಗೇ ಹೊಡ್ದಂಗೆ ಅನ್ನಿಸ್ತು. ಆದ್ರೆ ಮುರಿದದ್ದು ಶಾಂತಾರಾಮನ ಕೈ ಅಲ್ಲಲಾ."

ರಿಪೇರಿಯಾದ ಎಂಜಿನ್ನನ್ನೇ ಮಾರಿದರು. ಶಾಂತಾರಾಮನ ಮೂರು ಕಂತು ಕೊಟ್ಟು, ಉಳಿದದ್ದನ್ನು ಲೋಕೇಶನ ಮನೆಗೆ ಮುಟ್ಟಿಸಿದರು. ಇನ್ನೂ ನಲವತ್ತು ಸಾವಿರ ಬಾಕಿ. ಶಿವ ಬೇರೆಯವರ ಬೋಟಿಗೆ ಕೂಲಿಗೆ ಹೋದ. ಕಮಲಿ ಒಣಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕುಮಟಾ ಸಂತೆಗೆ ಹೋಗತೊಡಗಿದಳು. ತಿಂಗಳಿಗೊಮ್ಮೆ ಲೋಕೇಶನ ಅಂಗಳದಲ್ಲಿ ನಿಂತು ಅವನ ಹೆಂಡತಿ ವಿಭಾಳ ಕೈಗೆ ದುಡ್ಡು ಕೊಡುವಳು. ವಿಭಾ ಎಣಿಸಿ ಒಳಗೆ ಹೋಗುವಳು. ಜಗಲಿಯಲ್ಲಿ ಲೋಕೇಶ ಎಡಗೈಯಲ್ಲಿ ಉಣ್ಣುತ್ತಿದ್ದರೆ ಕಮಲಿ ಮುಖ ಬೇರೆ ಕಡೆ ತಿರುಗಿಸುವಳು.

ಹದಿನಾಲ್ಕನೆಯ ತಿಂಗಳು ಕೊನೆಯ ದುಡ್ಡು ಕೊಟ್ಟು ಹೊರಟವಳನ್ನು ಲೋಕೇಶ ತಡೆದ. ಬಲಗೈ ಮುಂದೆ ಚಾಚಿದ. ಮೊಣಕೈ ಅರ್ಧಕ್ಕೇ ನಿಂತಿತು.

"ಇಷ್ಟೇ ಬತ್ತದೆ, ನೋಡಿ."

ಕಮಲಿ ಈ ಸಲ ಮುಖ ತಿರುಗಿಸಲಿಲ್ಲ. ಅವನು ಕೈ ಇಳಿಸುವವರೆಗೂ ನೋಡಿದಳು.

"ನೋಡ್ದೆ," ಎಂದಳು.